ಕೊಳ್ಳುವ ಅಳತೆ, ಬಡಿಸುವ ಅಳತೆ

ದಾನದ ಹಣವು ಕೊಟ್ಟವನದೂ ಅಲ್ಲ, ಕೈಯಲ್ಲಿ ಹಿಡಿದು ವೆಚ್ಚಮಾಡುವವನದೂ ಅಲ್ಲ. ಅದು ಯಾರಿಗಾಗಿ ಬಂದಿತೋ ಅವರದು. ಈ ಮಾತನ್ನು ಒಪ್ಪದ ಧರ್ಮಸಂಸ್ಥೆಯಿಲ್ಲ. ಆದರೆ ಒಪ್ಪಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅಕ್ಕಿಬೇಳೆಗೆ, ಬಟ್ಟೆಬರೆಗೆ ಹಣವನ್ನು ಕೊಡುವಾಗ ಆಡಳಿತಗಾರನ ಮನಸ್ಸು ಅಳುಕುವುದಿಲ್ಲ. ಬೆಲೆಬಾಳುವ ಯಂತ್ರವೊಂದನ್ನು ಕೊಳ್ಳಬೇಕಾದಾಗ ಮಾತ್ರ ಅಳುಕುತ್ತದೆ. ಇದ್ದ ಹಣವೇ ಅಲ್ಪ; ಬಡವರ ಸೇವೆಗೆ ಇಷ್ಟು ದುಬಾರಿಯ ಸಾಧನವೇಕೆ ಎಂದು ಹೊರಗಿನವರು ಕೇಳುವ ಮೊದಲೇ ಅವನ ಅಂತರಂಗವೇ ಕೇಳುತ್ತದೆ. ಪ್ರಶ್ನೆಯು ಪ್ರಾಮಾಣಿಕವಾದುದೇ ಸರಿ. ಅದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ಮಾತ್ರ ಅಷ್ಟು ಶುದ್ಧವಾದುದಲ್ಲ.

ಮಿತವ್ಯಯವನ್ನು ಬೋಧಿಸುವವರು ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಮುಂದಿಡುವುದುಂಟು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಸತಿಯು ಅವನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯ ಬೆಳಕು ಎಂದಿಗೂ ಮಾಸುವಂತಹುದಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಲಕ್ಕಮ್ಮನು ಅಳೆದುದು ತನ್ನ ಮನೆಯ ಹೊಸ್ತಿಲನ್ನು ದಾಟಿ ಬಂದ ಅಕ್ಕಿಯನ್ನು. ಜಂಗಮರ ಎಡೆಗೆ ಬಡಿಸುವಾಗ ಅವಳು ಕೈ ಬಿಗಿಹಿಡಿದಳೆಂದು ಕಥೆಯು ಹೇಳುವುದಿಲ್ಲ. ಆ ಅಳತೆಯ ಅಕ್ಕಿಯಲ್ಲಿಯೇ ಅಸಂಖ್ಯಾತರು ಉಂಡು ತೃಪ್ತರಾದರೆಂದು ಹೇಳುತ್ತದೆ. ಕೊಳ್ಳುವ ಅಳತೆ ಬೇರೆ, ಬಡಿಸುವ ಅಳತೆ ಬೇರೆ. ಇವೆರಡೂ ಬೆರೆತುಹೋದರೆ ಆಗುವ ಅನರ್ಥವನ್ನೂ, ಬೇರ್ಪಟ್ಟರೆ ಆಗುವ ಉಪಕಾರವನ್ನೂ ಕಾಣಬಯಸುವವರು ತಮಿಳುನಾಡಿನ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ವೃತ್ತಾಂತವನ್ನು ನೋಡಬಹುದು.

ಈ ಆಸ್ಪತ್ರೆಯನ್ನು ಆರಂಭಿಸಿದವರು ಡಾ. ಜಿ. ವೆಂಕಟಸ್ವಾಮಿಯವರು (1918–2006). ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ ಶಸ್ತ್ರವನ್ನು ಹಿಡಿಯಲು ಕಲಿತು ಸಾವಿರಾರು ಜನರ ಕಣ್ಣಿನ ಪೊರೆಯನ್ನು ತೆಗೆದವರು ಅವರು. ಸರಕಾರಿ ಸೇವೆಯಿಂದ ನಿವೃತ್ತರಾದ ಬಳಿಕ 1976ರಲ್ಲಿ ಒಂದು ಮನೆಯಲ್ಲಿ 11 ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ಹಣವುಳ್ಳವರು ಕೊಟ್ಟ ಶುಲ್ಕದಿಂದಲೇ ಇಲ್ಲದವರ ಚಿಕಿತ್ಸೆಯೂ ನಡೆಯತಕ್ಕದ್ದೆಂಬುದು ಅಲ್ಲಿಯ ಕ್ರಮ. ದಾನಿಗಳ ಬಾಗಿಲಿನಲ್ಲಿ ನಿಲ್ಲುವ ಕಷ್ಟ ಇದರಿಂದ ಬಹುಮಟ್ಟಿಗೆ ತಪ್ಪಿತಾದರೂ ಪ್ರತಿಯೊಂದು ಕಾಸಿಗೂ ಲೆಕ್ಕವಿರಬೇಕಾಯಿತು.

ಧರ್ಮಸಂಕಟವು ಬಂದುದು ಒಂದು ಪುಟ್ಟ ಮಸೂರದ ರೂಪದಲ್ಲಿ. ಹಳೆಯ ಪದ್ಧತಿಯ ಶಸ್ತ್ರಕ್ರಿಯೆಯಲ್ಲಿ ಪೊರೆಯೊಡನೆ ಕಣ್ಣಿನ ಸಹಜ ಮಸೂರವೂ ಹೋಗುತ್ತಿತ್ತು. ರೋಗಿಯು ಅನಂತರ ದಪ್ಪ ಗಾಜಿನ ಕನ್ನಡಕದಿಂದಲೇ ಲೋಕವನ್ನು ನೋಡಬೇಕು. ಅದರಲ್ಲಿ ವಸ್ತುಗಳು ಇದ್ದುದಕ್ಕಿಂತ ದೊಡ್ಡದಾಗಿ ತೋರುತ್ತವೆ, ಅಕ್ಕಪಕ್ಕದ ನೋಟ ಕಿರಿದಾಗುತ್ತದೆ; ಹೊಲದ ಬದುವಿನಲ್ಲಿ ನಡೆಯುವವನಿಗೆ ಹೆಜ್ಜೆಯ ಅಂದಾಜು ತಪ್ಪುತ್ತದೆ. ಕನ್ನಡಕವು ಒಡೆಯಿತೆಂದರೆ ಮತ್ತೆ ಕುರುಡೇ. ಇದಕ್ಕೆ ಪರಿಹಾರವು ಬಹುಕಾಲದ ಹಿಂದೆಯೇ ದೊರೆತಿತ್ತು. ಯುದ್ಧವಿಮಾನಗಳ ಕವಚದ ಪ್ಲಾಸ್ಟಿಕ್ ಚೂರುಗಳು ವೈಮಾನಿಕರ ಕಣ್ಣುಗಳಲ್ಲಿ ಸಿಕ್ಕಿಕೊಂಡರೂ ಕಣ್ಣು ಅವನ್ನು ಸಹಿಸುವುದನ್ನು ಕಂಡ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು 1949ರಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ಕಣ್ಣಿನೊಳಗೆ ಇರಿಸಿದರು. 1980ರ ದಶಕದ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಅದೇ ರೂಢಿಯ ಚಿಕಿತ್ಸೆಯಾಯಿತು. ಆದರೆ ಹೊರದೇಶದಿಂದ ಬರುವ ಒಂದೊಂದು ಮಸೂರದ ಬೆಲೆ ನೂರು ಡಾಲರಿನ ಸುಮಾರಿಗೂ ಅದಕ್ಕೆ ಮೇಲೆಯೂ ಇತ್ತು. ಮಧುರೆಯಲ್ಲಿ ಹಣ ಕೊಡಬಲ್ಲವರ ಕಣ್ಣಿಗೆ ಮಸೂರ, ಕೊಡಲಾರದ ಬಹುಮಂದಿಗೆ ದಪ್ಪ ಕನ್ನಡಕ ಎಂಬ ಸ್ಥಿತಿಯುಂಟಾಯಿತು. ಒಂದೇ ಮನೆಯ ಪಂಕ್ತಿಯಲ್ಲಿ ಎರಡು ಬಗೆಯ ಊಟ!

ಬಡ ದೇಶಗಳಿಗೆ ಈ ಮಸೂರ ತಕ್ಕುದಲ್ಲವೆಂದು ಆಗ ವಾದಿಸಿದ ತಜ್ಞರು ಕ್ರೂರಿಗಳಾಗಿರಲಿಲ್ಲ. ಅವರ ಲೆಕ್ಕವನ್ನು ಅಲ್ಲಗಳೆಯುವುದೂ ಸುಲಭವಲ್ಲ. ಒಂದು ಮಸೂರದ ಹಣದಲ್ಲಿ ಹಲವರ ಪೊರೆಯನ್ನು ತೆಗೆಯಬಹುದಾಗಿರುವಾಗ, ಒಬ್ಬನಿಗೆ ಉತ್ತಮ ದೃಷ್ಟಿಯನ್ನು ಕೊಡಲು ಉಳಿದವರನ್ನು ಕತ್ತಲೆಯಲ್ಲಿ ಬಿಡುವುದು ಧರ್ಮವೇ? ಈ ಪ್ರಶ್ನೆಗೆ ಕೇವಲ ಭಾವುಕತೆಯಿಂದ ಉತ್ತರವನ್ನು ಕೊಡಲಾಗದು. ಆದರೆ ಆ ವಾದದಲ್ಲಿ ಮಸೂರದ ಬೆಲೆಯು ಪ್ರಕೃತಿನಿಯಮದಂತೆ ಸ್ಥಿರವಾದುದೆಂಬ ಒಂದು ನಂಬಿಕೆ ಅಡಗಿತ್ತು. ಬೆಲೆಯನ್ನು ಬದಲಾಗದ್ದೆಂದು ಒಪ್ಪಿಕೊಂಡು, ಬದಲಾಗಬೇಕಾದುದು ಬಡವನ ಎಡೆಯೆಂದು ತೀರ್ಮಾನಿಸಿದ್ದೇ ಅಲ್ಲಿಯ ದೋಷ.

ಬೆಲೆಯಲ್ಲಿ ನಿಜವಾಗಿ ಏನಿದೆ? ಪ್ಲಾಸ್ಟಿಕ್ಕಿನ ಆ ಚೂರಿಗೆ ತಗಲುವ ದ್ರವ್ಯದ ವೆಚ್ಚ ಅತ್ಯಲ್ಪ. ಉಳಿದುದೆಲ್ಲ ತಯಾರಿಕೆಯ ಸೂಕ್ಷ್ಮತೆ, ಮಾರಾಟದ ಏರ್ಪಾಡು, ಲಾಭ. ಹೊರದೇಶದ ದಾನದ ಮಸೂರಗಳು ಕೆಲವು ಬರುತ್ತಿದ್ದುವು. ಆದರೆ ದಾನವು ಬಂದಾಗ ಹಬ್ಬ, ನಿಂತಾಗ ಉಪವಾಸ. ಕಡೆಗೆ ಅಮೆರಿಕದ ಸೇವಾ ಫೌಂಡೇಶನ್ನಿನ ಮತ್ತು ಡೇವಿಡ್ ಗ್ರೀನ್ ಎಂಬವರ ನೆರವಿನಿಂದ, 1992ರಲ್ಲಿ ಮಧುರೆಯಲ್ಲಿಯೇ ಅರೋಲ್ಯಾಬ್ ಎಂಬ ಲಾಭೋದ್ದೇಶವಿಲ್ಲದ ತಯಾರಿಕಾ ಸಂಸ್ಥೆ ಹುಟ್ಟಿತು. ಅಲ್ಲಿ ಮಸೂರದ ಬೆಲೆ ಮೊದಲು ಹತ್ತು ಡಾಲರಿನ ಸುಮಾರಿಗೆ ಇಳಿದು, ಬಳಿಕ ಅದಕ್ಕೂ ಎಷ್ಟೋ ಕೆಳಗೆ ಬಂದಿತು. ಈಗ ಅಲ್ಲಿಯ ಮಸೂರಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಧರ್ಮಾಸ್ಪತ್ರೆಯೊಂದು ಕಾರ್ಖಾನೆಗೆ ಹಣ ಹೂಡುವುದು ಸಾಹಸವೇ ಸರಿ. ಅದು ವಿಫಲವಾಗಿದ್ದರೆ ಅದೇ ಜನರು ಅದನ್ನು ದುಂದುಗಾರಿಕೆಯೆಂದು ಕರೆಯುತ್ತಿದ್ದರು.

ಕೊಳ್ಳಲೇಬೇಕಾದ ಯಂತ್ರಗಳ ವಿಷಯದಲ್ಲಿ ಅಲ್ಲಿಯವರು ಹಿಡಿದ ದಾರಿಯೂ ವಿಚಾರಾರ್ಹವಾಗಿದೆ. ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕವು ಬೆಲೆಬಾಳುವ ಸಾಧನ. ಸಾಮಾನ್ಯವಾಗಿ ಒಬ್ಬ ರೋಗಿಯನ್ನು ಮೇಜಿನಿಂದ ಇಳಿಸಿ ಇನ್ನೊಬ್ಬನನ್ನು ಸಿದ್ಧಪಡಿಸುವವರೆಗೆ ಅದೂ ವೈದ್ಯನೂ ಸುಮ್ಮನಿರಬೇಕಾಗುತ್ತದೆ. ಮಧುರೆಯಲ್ಲಿ ವೈದ್ಯನ ಎರಡು ಪಾರ್ಶ್ವಗಳಲ್ಲಿ ಎರಡು ಮೇಜುಗಳು. ಒಂದರಲ್ಲಿ ಶಸ್ತ್ರಕ್ರಿಯೆ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ರೋಗಿಯು ಸಿದ್ಧ. ಸೂಕ್ಷ್ಮದರ್ಶಕವನ್ನು ಅತ್ತ ತಿರುಗಿಸಿದರಾಯಿತು. ಸಿದ್ಧಪಡಿಸುವ ಕೆಲಸವನ್ನು ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳು ನಿರ್ವಹಿಸುತ್ತಾರೆ. ಯಂತ್ರದ ಬೆಲೆ ಕಾಸಷ್ಟೂ ಇಳಿಯಲಿಲ್ಲ. ಆದರೆ ಅದು ನೂರು ಮಂದಿಗೆ ಹಂಚುವ ಬದಲು ಸಾವಿರ ಮಂದಿಗೆ ಹಂಚಿಹೋಯಿತು. ಅಗ್ಗದ ಯಂತ್ರವನ್ನು ಕೊಂಡು ಮೂಲೆಯಲ್ಲಿ ನಿಲ್ಲಿಸುವುದಕ್ಕಿಂತ ಇದೇ ಹೆಚ್ಚಿನ ಮಿತವ್ಯಯವಲ್ಲವೆ?

ದುರಸ್ತಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ದಾನಿಗಳು ಯಂತ್ರಕ್ಕೆ ಹಣ ಕೊಟ್ಟು ಅದರ ಮೇಲೆ ಹೆಸರನ್ನು ಬರೆಯಿಸುತ್ತಾರೆ. ಮುಂದಿನ ವರ್ಷ ಅದರ ಬಿಡಿಭಾಗಕ್ಕೆ ಹಣ ಬೇಕೆಂದರೆ ಯಾರೂ ಮುಂದೆ ಬರುವುದಿಲ್ಲ. ಬಿಡಿಭಾಗದ ಮೇಲೆ ಹೆಸರನ್ನು ಬರೆಯಿಸುವುದು ಹೇಗೆ? ಬಡ ದೇಶಗಳ ಆಸ್ಪತ್ರೆಗಳ ಸಾಧನಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅವುಗಳಲ್ಲಿ ಶೇಕಡಾ 40ರ ಸಮೀಪದವು ಕೆಲಸಮಾಡುತ್ತಿರಲಿಲ್ಲವೆಂದು ತಿಳಿಸಿತು. ಮಧುರೆಯ ಸಂಸ್ಥೆಯು ಸಾಧನಗಳ ದುರಸ್ತಿಯನ್ನು ತನ್ನವರಿಗೆ ಕಲಿಸಿದುದಲ್ಲದೆ, ಹೊರಗಿನ ಆಸ್ಪತ್ರೆಗಳಿಂದ ಬರುವವರಿಗೂ ಕಲಿಸುತ್ತದೆ. ಇದು ವಾರ್ಷಿಕ ವರದಿಯ ಚಿತ್ರಗಳಲ್ಲಿ ಶೋಭಿಸುವ ಕಾರ್ಯವಲ್ಲ.

ಹಾಗಾದರೆ ಅಲ್ಲಿ ಪಂಕ್ತಿಭೇದವೇ ಇಲ್ಲವೆ? ಇದೆ. ಹಣ ಕೊಟ್ಟವರಿಗೆ ಪ್ರತ್ಯೇಕ ಕೋಣೆ, ಮಂಚ. ಉಚಿತ ವಿಭಾಗದಲ್ಲಿ ನೆಲದ ಮೇಲೆ ಚಾಪೆ. ಆದರೆ ವೈದ್ಯರು ಸರದಿಯ ಮೇಲೆ ಎರಡೂ ಕಡೆಗಳಲ್ಲಿ ಕೆಲಸಮಾಡುತ್ತಾರೆ. ಚಾಪೆಯಿಂದ ಎದ್ದು ಹೋಗುವವನ ದೃಷ್ಟಿಗೆ ಚಾಪೆಯಿಂದ ಕುಂದು ಬಾರದು. ಮನೆಯಲ್ಲಿಯೂ ಚಾಪೆಯ ಮೇಲೆ ಮಲಗುವವನಿಗೆ ಆಸ್ಪತ್ರೆಯ ಚಾಪೆ ಅವಮಾನವೂ ಅಲ್ಲ. ಉಳಿತಾಯವು ಕಣ್ಣನ್ನು ತಟ್ಟುವುದೇ ಇಲ್ಲವೇ ಎಂಬುದೇ ಅಲ್ಲಿಯ ಗೆರೆ.

ಈ ಗೆರೆಯನ್ನು ಎಳೆಯುವುದು ಪ್ರತಿಸಲವೂ ಸುಲಭವಲ್ಲ. ಪೊರೆಯನ್ನು ಶಬ್ದಾತೀತ ತರಂಗಗಳಿಂದ ಕರಗಿಸಿ ತೆಗೆಯುವ ಯಂತ್ರವೂ, ಮಡಚಿ ಒಳಗೆ ಸೇರಿಸಬಹುದಾದ ಮಸೂರವೂ ಬಂದ ಮೇಲೆ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿತು. ಭಾರತದ ಅನೇಕ ಧರ್ಮಾಸ್ಪತ್ರೆಗಳಲ್ಲಿ ಹಣ ಕೊಡುವವರಿಗೆ ಆ ಯಂತ್ರ. ಉಚಿತ ರೋಗಿಗಳಿಗೆ ಕೈಯಿಂದಲೇ ಮಾಡುವ ಸಣ್ಣ ಛೇದದ ಶಸ್ತ್ರಕ್ರಿಯೆ. ನೇಪಾಳದಲ್ಲಿ ಸಂದೂಕ್ ರುಯಿತ್ ಮೊದಲಾದ ವೈದ್ಯರು ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದೃಷ್ಟಿಯ ಫಲವು ಎರಡರಲ್ಲಿಯೂ ಉತ್ತಮವಾಗಿತ್ತು. ಕೈಯ ಪದ್ಧತಿಯು ಶೀಘ್ರವೂ ಅಗ್ಗವೂ ಆಗಿತ್ತು. ಅಷ್ಟರಮಟ್ಟಿಗೆ ಯಂತ್ರವನ್ನು ಬಿಟ್ಟುದು ಬಡವನ ಎಡೆಯಿಂದ ಕಸಿದುದಾಗಲಿಲ್ಲ. ಆದರೆ ಗಾಯವು ಬೇಗ ಮಾಯುವುದು, ಕನ್ನಡಕದ ಅವಲಂಬನೆ ಕಡಿಮೆಯಾಗುವುದು ಮುಂತಾದ ಸಣ್ಣ ಲಾಭಗಳನ್ನು ಎಲ್ಲಿ ಸೇರಿಸಬೇಕು? ಅವು ಚಾಪೆಯ ಪಕ್ಕಕ್ಕೆ ಸೇರುತ್ತವೆಯೋ, ಕಣ್ಣಿನ ಪಕ್ಕಕ್ಕೋ? ದಿನಗೂಲಿಯವನಿಗೆ ನಾಲ್ಕು ದಿನ ಮೊದಲು ಕೆಲಸಕ್ಕೆ ಮರಳುವುದೆಂದರೆ ನಾಲ್ಕು ದಿನದ ಅನ್ನ. ಈ ಲೆಕ್ಕವನ್ನು ಆಸ್ಪತ್ರೆಯ ಕಚೇರಿಯಲ್ಲಿ ಕುಳಿತು ಮಾಡಿದರೆ ಒಂದು ಮೊತ್ತ ಬರುತ್ತದೆ, ಆ ಕೂಲಿಯವನ ಜಗಲಿಯಲ್ಲಿ ಕುಳಿತು ಮಾಡಿದರೆ ಇನ್ನೊಂದು.