ತೇರು ಯಾವ ಓಣಿಗೆ ಬರುತ್ತದೆ?

ಜೂನ್ 13 ಸಂತ ಅಂತೋಣಿಯವರ ಹಬ್ಬ. ನಮ್ಮ ತೊರವಿಯ ಕಡೆ ಹೊಲ ಹರಗಿಟ್ಟುಕೊಂಡು ಮಿರಗದ ಮಳೆಗೆ ಮುಗಿಲು ನೋಡುತ್ತ ಕೂತಿರುವ ಹೊತ್ತಿಗೆ, ಮೈಸೂರು ಜಿಲ್ಲೆಯ ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಯಲ್ಲಿ ತೇರಿಗೆ ಹೂ ಕಟ್ಟುತ್ತಿರುತ್ತಾರೆ. ಯುರೋಪಿನ ಕ್ಯಾಥೊಲಿಕ್ ಊರುಗಳಿಗೆ ಇದು ಬೇಸಿಗೆ, ಊರೂರಿನ ಪಾಲಕ ಸಂತರು ಬೀದಿಗಿಳಿಯುವ ಕಾಲ. ಆ ಹಬ್ಬ ಕನ್ನಡದ ನೆಲಕ್ಕೆ ಬಂದು ನಮ್ಮ ಜಾತ್ರೆಯ ಮೈಕಟ್ಟನ್ನೇ ಪಡೆದುಕೊಂಡಿದೆ. ಮೊದಲು ಧ್ವಜ ಏರುತ್ತದೆ, ಆಮೇಲೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಹಬ್ಬದ ದಿನ ಬಲಿಪೂಜೆ, ತೇರು. ಹರಕೆ ಹೊತ್ತವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ. ಮೇಣದಬತ್ತಿ ಹಿಡಿದ ಕೈಗಳ ನಡುವೆ ಯಾರು ಯಾವ ಜಾತಿ, ಯಾವ ಧರ್ಮ ಎಂದು ಗುರುತು ಹಿಡಿಯಲಾಗದು.

ಅಂತೋಣಿಯವರು ಹುಟ್ಟಿದ್ದು 1195ರಲ್ಲಿ, ಲಿಸ್ಬನ್ನಿನಲ್ಲಿ. ತೀರಿಕೊಂಡದ್ದು ಇಟಲಿಯ ಪಾದುವಾ ಪಟ್ಟಣದ ಹೊರಗೆ, 1231ರ ಜೂನ್ 13ರಂದು. ವರ್ಷ ತುಂಬುವುದರೊಳಗೆ ಸಂತರೆಂದು ಘೋಷಿಸಿದರು. ಅಂಥವರು ಡೋರ್ನಹಳ್ಳಿಗೆ ಬಂದ ಕಥೆಯನ್ನು ಅಲ್ಲಿಯ ಜನ ಹೀಗೆ ಹೇಳುತ್ತಾರೆ. ಸುಮಾರು ಇನ್ನೂರು ವರ್ಷದ ಹಿಂದೆ ಒಬ್ಬ ರೈತ ಹೊಲ ಊಳುವಾಗ ನೇಗಿಲಿಗೆ ಏನೋ ತಾಗಿತು. ಅಗೆದು ನೋಡಿದರೆ ಮರದ ಮೂರ್ತಿ. ಯಾರದೆಂದು ತಿಳಿಯದೆ ಮನೆಗೆ ತಂದು ಮಕ್ಕಳಿಗೆ ಆಡಲಿಕ್ಕೆ ಕೊಟ್ಟ. ರಾತ್ರಿ ಕನಸಿನಲ್ಲಿ ಒಬ್ಬ ಸನ್ಯಾಸಿ ಬಂದು ತನಗೊಂದು ಗುಡಿ ಕಟ್ಟಿಸು ಎಂದ. ರೈತ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಕಷ್ಟದ ಮೇಲೆ ಕಷ್ಟ ಬಂದಾಗ ಕಟ್ಟಿದ. ಅದು ಪಾದುವಾದ ಅಂತೋಣಿಯವರ ಮೂರ್ತಿ ಎಂದು ಗೊತ್ತಾದದ್ದು ಆಮೇಲೆ. ಆ ಸಣ್ಣ ಗುಡಿಯ ಜಾಗದಲ್ಲಿ ಬೆಳೆದ ಚರ್ಚು 2019ರಲ್ಲಿ ಬೆಸಿಲಿಕಾ ಆಯಿತು.

ಈ ಕಥೆ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಸಂತರು ಮೊದಲು ಕಾಣಿಸಿಕೊಂಡದ್ದು ಚರ್ಚಿನ ಹೊಸ್ತಿಲು ತುಳಿಯದ ಒಬ್ಬ ಒಕ್ಕಲಿಗನಿಗೆ, ಅದೂ ಅವನಿಗೆ ಗುರುತು ಹತ್ತುವಂಥ ಸನ್ಯಾಸಿಯ ವೇಷದಲ್ಲಿ. ಹೀಗೆ ಹೊರಗಿನವನನ್ನು ತಾವೇ ಹುಡುಕಿಕೊಂಡು ಹೋದವರು ವರ್ಷಕ್ಕೊಮ್ಮೆ ತೇರೇರಿ ಹೊರಗೆ ಬರುವುದು ಎಷ್ಟು ಸಹಜ!

ತೊರವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮಾರ ವಾಲ್ಮೀಕಿ ನಂಬಿ ರಾಮಾಯಣ ಬರೆದ ನಮ್ಮ ನರಸಿಂಹ ಇರುವುದು ನೆಲಮಟ್ಟದ ಕೆಳಗಿನ ಗುಡಿಯಲ್ಲಿ. ಅವನನ್ನು ನೋಡಬೇಕೆಂದರೆ ನಾವೇ ಇಳಿದು ಹೋಗಬೇಕು. ಹಾಗೆ ಹೋಗಲು ಆಗದವರಿಗಾಗಿ, ಹೋಗಗೊಡದವರಿಗಾಗಿ ನಮ್ಮ ಹಿರಿಯರು ಉತ್ಸವಮೂರ್ತಿ ಎಂಬ ದಾರಿ ಕಂಡುಕೊಂಡರು. ಮೂಲಮೂರ್ತಿ ಗರ್ಭಗುಡಿಯಲ್ಲೇ ಉಳಿಯುತ್ತದೆ, ಉತ್ಸವಮೂರ್ತಿ ಬೀದಿಗೆ ಬರುತ್ತದೆ. ನಡೆಯಲಾಗದ ಮುದುಕಿ, ಬಾಣಂತಿ, ಗುಡಿಯ ಬಾಗಿಲು ಮುಚ್ಚಿಸಿಕೊಂಡ ಕೇರಿಯ ಜನ, ಇವರೆಲ್ಲರಿಗೂ ದೇವರ ಮುಖ ಕಾಣುತ್ತಿದ್ದದ್ದು ಅವತ್ತು. ನಮ್ಮ ಭಾಗದ ಕ್ರೈಸ್ತರೂ ಇದೇ ಬೀದಿಗಳಲ್ಲಿ ಬೆಳೆದವರು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಅವರ ನೆಲೆ 16ನೇ ಶತಮಾನದ್ದು, ವಿಜಯಪುರದ ಆದಿಲಶಾಹಿಗಳ ಕಾಲದ್ದು. ಅದೇ ಊರಿನ ಮೊಹರಂ ನೋಡಲು ಎಲ್ಲ ಜಾತಿಯವರೂ ಸೇರುತ್ತಾರೆ.

ತೇರು ಎಳೆಯುವುದನ್ನು ಹತ್ತಿರ ನಿಂತು ನೋಡಿದವರಿಗೆ ಗೊತ್ತು. ಹಗ್ಗಕ್ಕೆ ಕೈ ಹಚ್ಚಿದ ನೂರಾರು ಜನ ಎಳೆಯುತ್ತಾರೆ, ಅಷ್ಟೇ. ತೇರನ್ನು ತಿರುಗಿಸುವವರು ಗಾಲಿಯ ಬುಡದಲ್ಲಿರುತ್ತಾರೆ. ಇಬ್ಬರೋ ನಾಲ್ವರೋ, ಕೈಯಲ್ಲಿ ಮರದ ದಪ್ಪ ತುಂಡು. ಬಗ್ಗಿ ಓಡಿ ಬಂದು, ಉರುಳುತ್ತಿರುವ ಗಾಲಿಯ ಮುಂದೆ ತುಂಡನ್ನು ಓರೆಯಾಗಿ ಇಟ್ಟು, ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ. ಗಾಲಿ ಅದರ ಮೇಲೆ ಹತ್ತಿ, ಕಿರುಗುಟ್ಟಿ, ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ಮತ್ತೆ ತುಂಡು, ಮತ್ತೆ ಗೇಣು. ಉತ್ತತ್ತಿ, ಬಾಳೆಹಣ್ಣು ತೂರುವವರ ಕಣ್ಣೆಲ್ಲ ಕಳಸದ ಮೇಲೆ ಇರುವಾಗ, ಯಾವ ಓಣಿಯ ಬಾಯಲ್ಲಿ ತೇರು ಹೊರಳಬೇಕು ಎಂಬುದು ಆ ಮರದ ತುಂಡಿನಲ್ಲಿ ತೀರ್ಮಾನವಾಗುತ್ತಿರುತ್ತದೆ. ಹೊರಳದೆ ನೆಟ್ಟಗೆ ಹೋದರೂ ಅದು ತೀರ್ಮಾನವೇ.

ತಮಿಳುನಾಡಿನ ಎರೈಯೂರು ಹಳೆಯ ಕ್ಯಾಥೊಲಿಕ್ ಊರು. ಅಲ್ಲಿ ತೇರು ದಲಿತ ಕ್ರೈಸ್ತರ ಕೇರಿಗೆ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಯಾರಾದರೂ ಸತ್ತರೆ ಹೆಣವನ್ನು ಚರ್ಚಿನ ಮುಂದಿನ ದೊಡ್ಡ ಬೀದಿಯಲ್ಲಿ ಒಯ್ಯಲೂ ತಕರಾರು. ತಮಗೆ ಬೇರೆ ಧರ್ಮಕೇಂದ್ರವನ್ನೇ ಕೊಡಿ ಎಂದು ಅವರು ಕೇಳಿದರು. 2008ರ ಮಾರ್ಚಿನಲ್ಲಿ ಜಗಳ ಹತ್ತಿ, ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಒಂದೇ ಶಿಲುಬೆಗೆ ಕೈಮುಗಿಯುವವರ ನಡುವೆ! ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಜಾತಿಭೇದ ತನ್ನ ಸಭೆಯೊಳಗೂ ಇದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡಿತು. ಒಪ್ಪಿಕೊಳ್ಳಲು ಧೈರ್ಯ ಬೇಕಿತ್ತು, ಆ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಕಾಗದದಲ್ಲಿ ಒಪ್ಪಿಕೊಂಡದ್ದು ಗಾಲಿಯ ಬುಡದವರೆಗೂ ಮುಟ್ಟಬೇಕು.

ತೇರು ಎಲ್ಲಿಗೆ ಹೋಗುವುದಿಲ್ಲ ಎಂಬುದರ ಜೊತೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಇಟಲಿಯ ನೋಲಾದಲ್ಲಿ ಪ್ರತಿ ಜೂನಿನಲ್ಲಿ ಸಂತ ಪಾವ್ಲಿನೋ ಹಬ್ಬಕ್ಕೆ 25 ಮೀಟರ್ ಎತ್ತರದ ಎಂಟು ಮರದ ಗೋಪುರಗಳನ್ನು ಜನ ಹೆಗಲ ಮೇಲೆ ಹೊತ್ತು ಇಕ್ಕಟ್ಟಿನ ಬೀದಿಗಳಲ್ಲಿ ಕುಣಿಸುತ್ತಾರೆ. ಅಂಥ ಭಾರ ಹೊತ್ತವರು ಎಲ್ಲಿ ನಿಂತರೂ ಊರೆಲ್ಲ ನೋಡುತ್ತದೆ. ಅದೇ ಇಟಲಿಯ ದಕ್ಷಿಣ ತುದಿಗೆ, ಕಲಾಬ್ರಿಯಾದಲ್ಲಿ, ಒಪ್ಪಿದೋ ಮಾಮೆರ್ತೀನಾ ಎಂಬ ಸಣ್ಣ ಊರಿದೆ. 2014ರ ಜುಲೈ 2ರಂದು ಅಲ್ಲಿ ಮಾತೆ ಮರಿಯಳ ಮೆರವಣಿಗೆ, ಗೃಹಬಂಧನದಲ್ಲಿದ್ದ ಒಬ್ಬ ಮಾಫಿಯಾ ಧಣಿಯ ಮನೆಯ ಮುಂದೆ ತುಸು ಹೊತ್ತು ನಿಂತಿತು. ನಮಸ್ಕಾರ ಸಲ್ಲಿಸಿದಂತೆ. ಬಂದೋಬಸ್ತಿಗೆ ಜೊತೆಗಿದ್ದ ಪೊಲೀಸ್ ಅಧಿಕಾರಿ ಅದನ್ನು ಕಂಡು ಮೆರವಣಿಗೆ ಬಿಟ್ಟು ಹೊರನಡೆದರು. ಪೋಪ್ ಫ್ರಾನ್ಸಿಸ್ ಅದೇ ಪ್ರಾಂತದಲ್ಲಿ ನಿಂತು, ಮಾಫಿಯಾದವರು ಸಭೆಯಿಂದ ಬಹಿಷ್ಕೃತರು ಎಂದು ಹೇಳಿ ಎರಡು ವಾರವೂ ಆಗಿರಲಿಲ್ಲ. ಆ ಭಾಗದ ಧರ್ಮಾಧ್ಯಕ್ಷರು ತಮ್ಮ ಸೀಮೆಯ ಎಲ್ಲ ಮೆರವಣಿಗೆಗಳನ್ನೂ ನಿಲ್ಲಿಸಿದರು. ಜನಕ್ಕೆ ನೋವಾಗಿರಬೇಕು. ಆದರೂ ಅವರು ಮಾಡಿದ್ದು ಸರಿ. ತಾಯಿಯ ಮೂರ್ತಿಯನ್ನು ಧಣಿಯ ಬಾಗಿಲಲ್ಲಿ ಬಗ್ಗಿಸುವುದಕ್ಕಿಂತ ಆ ವರ್ಷ ಗುಡಿಯಲ್ಲೇ ಇಡುವುದು ಮೇಲು.

ಕಲಾಬ್ರಿಯಾ ದೂರ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಪಲ್ಲಕ್ಕಿಗಳೂ ಗೌಡರ ಮನೆ, ದೊಡ್ಡ ದೇಣಿಗೆಯವರ ಮನೆ ಬಂದಾಗ ಹೆಚ್ಚು ಹೊತ್ತು ನಿಲ್ಲುತ್ತವೆ. ತಗ್ಗಿನ ಓಣಿಯಲ್ಲಿ ಆರತಿ ತಾಟು ಹಿಡಿದು ನಿಂತವರಿಗೆ ಹೊತ್ತಾಯಿತು, ನಡೆಯಿರಿ ಎನ್ನುತ್ತಾರೆ. ಚರ್ಚಿನ ಹಬ್ಬವಿರಲಿ, ಗುಡಿಯ ಜಾತ್ರೆಯಿರಲಿ, ಉರುಸಿನ ಗಂಧವಿರಲಿ, ಕಮಿಟಿಯ ಸಭೆಯಲ್ಲಿ ಪಟ್ಟಿ ಎತ್ತುವ ಮಾತು, ಪೆಂಡಾಲು, ಲೈಟಿನ ಸರ, ರಾತ್ರಿಯ ನಾಟಕ ಎಲ್ಲಕ್ಕೂ ತಾಸುಗಟ್ಟಲೆ ಚರ್ಚೆ ನಡೆಯುತ್ತದೆ. ದಾರಿಯ ಮಾತು ಬಂದಾಗ "ಮೊದಲಿನಂಗ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಹೊತ್ತಿಗೆ ಯಾರಾದರೂ ಒಬ್ಬರು ಎದ್ದು ನಿಂತು, ಇಷ್ಟು ವರ್ಷ ಬಿಟ್ಟುಹೋದ ಓಣಿಯ ಹೆಸರು ಹೇಳಬೇಕು. ಅಲ್ಲಿ ರಸ್ತೆ ಇಕ್ಕಟ್ಟು, ವೈರು ಕೆಳಗಿವೆ ಎಂದು ಯಾರಾದರೂ ಅಂದರೆ, ನಾಳೆ ಮುಂಜಾನೆ ಹೋಗಿ ಅಳೆದು ನೋಡೋಣ ಬರ್ರಿ ಎನ್ನಬೇಕು.