ದೇವರ ಚಿತ್ತ ಮತ್ತು ಲೈಫ್ ಬೆಲ್ಟ್

ಕೆಂಗಲ್‌ನ ಈ ಕೂಟದಲ್ಲಿ ನಿಮ್ಮಲ್ಲಿ ಅನೇಕರು ನನ್ನನ್ನು ಕೇಳೋ ಪ್ರಶ್ನೆ ಒಂದಿದೆ. "ಪಾಸ್ಟರ್, ಯಾರಾದ್ರೂ ಅಕಾಲದಲ್ಲಿ ತೀರಿಕೊಂಡ್ರೆ ಎಲ್ರೂ ದೇವರ ಚಿತ್ತ ಅಂತಾರೆ. ಹಾಗಾದ್ರೆ ಮನುಷ್ಯರ ತಪ್ಪು ಏನೂ ಇಲ್ವಾ?" ಇವತ್ತು ಇದನ್ನು ಎರಡು ಹಡಗುಗಳ ಮೂಲಕ ಯೋಚಿಸೋಣ.

2025ರಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆಯವರು ಐಎನ್‌ಎಸ್ ಗುಲ್ದಾರ್ ಎಂಬ ನಿವೃತ್ತ ಹಡಗನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಿದರು. ಬಂದರೇ ಇಲ್ಲದ ತೀರದಲ್ಲಿ ಸೈನಿಕರನ್ನೂ ಟ್ಯಾಂಕುಗಳನ್ನೂ ಇಳಿಸೋ ಹಡಗು ಅದು. ಎರಡನೇ ಮಹಾಯುದ್ಧದಲ್ಲಿ ಇದೇ ಕೆಲಸಕ್ಕೆ ಇನ್ನೂ ದೊಡ್ಡ ಹಡಗುಗಳಿದ್ದವು. ಎಲ್‌ಎಸ್‌ಟಿ ಅಂತ ಹೆಸರು. ತಳ ಚಪ್ಪಟೆ, ಮುಂದೆ ದೊಡ್ಡ ಬಾಗಿಲು, ನಡಿಗೆ ನಿಧಾನ.

1944ರ ಏಪ್ರಿಲ್ 28ರ ನಡುರಾತ್ರಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಇಂಥ 8 ಅಮೆರಿಕನ್ ಹಡಗುಗಳು ಸಾಲಾಗಿ ಹೋಗ್ತಿದ್ದವು. ಯುದ್ಧಕ್ಕಲ್ಲ, ನಾರ್ಮಂಡಿ ದಾಳಿಯ ತಾಲೀಮಿಗೆ. ಕಾವಲಿಗೆ ಬರಬೇಕಿದ್ದ ಎರಡು ಹಡಗುಗಳಲ್ಲಿ ಒಂದು ರಿಪೇರಿಗೆ ನಿಂತಿತ್ತು. ಟೈಪ್ ಮಾಡುವಾಗ ಆದ ತಪ್ಪಿನಿಂದ ರೇಡಿಯೋ ತರಂಗಾಂತರವೇ ಬೇರೆಯಾಗಿ, ಎಚ್ಚರಿಕೆ ಇವರ ಕಿವಿಗೆ ಬೀಳಲಿಲ್ಲ. ಜರ್ಮನ್ ಟಾರ್ಪಿಡೊ ದೋಣಿಗಳು ಬಂದವು. ಎಲ್‌ಎಸ್‌ಟಿ 507 ಹೊತ್ತಿ ಉರಿಯಿತು. ಎಲ್‌ಎಸ್‌ಟಿ 531 ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತವರು 749 ಮಂದಿ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ನನ್ನ ಮನಸ್ಸು ಕಲಕಿದ್ದು ಒಂದು ಸಣ್ಣ ವಿಷಯ. ಅನೇಕರ ಮೈಮೇಲೆ ಲೈಫ್ ಬೆಲ್ಟ್ ಇತ್ತು! ಆದರೆ ಅದನ್ನು ಕಂಕುಳ ಕೆಳಗೆ ಕಟ್ಟಬೇಕು ಅಂತ ಸರಿಯಾಗಿ ಕಲಿಸಿರಲಿಲ್ಲ. ಬೆನ್ನಿಗೆ ಭಾರದ ಮೂಟೆ ಇದ್ದದ್ದಕ್ಕೆ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನೀರಿಗೆ ಬಿದ್ದಾಗ ಬೆಲ್ಟ್ ಸೊಂಟವನ್ನು ಮೇಲೆತ್ತಿತು, ತಲೆ ನೀರೊಳಗೆ ಹೋಯಿತು.

ಇದನ್ನು ದೇವರ ಚಿತ್ತ ಅಂತ ಹೇಳಿ ಕೈ ತೊಳ್ಕೊಳ್ಳೋಕಾಗುತ್ತಾ? ಆ ಮಾತು ಕೇಳೋಕೆ ಭಕ್ತಿ ಅನ್ಸುತ್ತೆ. ಆದರೆ ಕಲಿಸದೇ ಬಿಟ್ಟವರ ಹೊಣೆಯನ್ನು ಅದು ದೇವರ ತಲೆಗೆ ಕಟ್ಟುತ್ತದೆ. ಇನ್ನು ಕೆಲವರು, "ಅದರಿಂದ ಪಾಠ ಕಲಿತರು, ಜೂನ್ 6ರ ದಾಳಿಯಲ್ಲಿ ಎಷ್ಟೋ ಜೀವ ಉಳಿಯಿತು" ಅಂತಾರೆ. ಪಾಠ ಕಲಿತದ್ದು ನಿಜ. ರೇಡಿಯೋ ಸರಿಮಾಡಿದರು, ಬೆಲ್ಟ್ ಕಟ್ಟೋದು ಕಲಿಸಿದರು. ಕೆಟ್ಟದ್ದರಿಂದಲೂ ಒಳ್ಳೆಯದನ್ನು ಹೊರತರಲು ನಮ್ಮ ದೇವರು ಶಕ್ತನು, ಆಮೆನ್. ಆದರೆ ಆಮೇಲೆ ಬಂದ ಒಳ್ಳೆಯದು ಮೊದಲಿನ ಅಜಾಗ್ರತೆಗೆ ರಸೀದಿ ಅಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಆ ಲೆಕ್ಕ ಇಡಬೇಡಿ. ಲಾಜರನ ಸಮಾಧಿಯ ಹತ್ತಿರ ಯೇಸು ಮೊದಲು ಅತ್ತನು.

ಈಗ ಇನ್ನೊಂದು ಹಡಗು ನೋಡಿ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಒಬ್ಬರೂ ಸಾಯೋದಿಲ್ಲ ಅಂತ ದೇವದೂತನೇ ಪೌಲನಿಗೆ ತಿಳಿಸಿದ್ದ. ವಾಗ್ದಾನ ಸಿಕ್ತಲ್ಲ ಅಂತ ಪೌಲ ಮಲಗಿಬಿಟ್ಟನಾ? ಇಲ್ಲ! ನಾವಿಕರು ಗುಟ್ಟಾಗಿ ದೋಣಿ ಇಳಿಸುವುದನ್ನು ಕಂಡ ಕೂಡಲೇ ಶತಾಧಿಪತಿಯನ್ನು ಎಚ್ಚರಿಸಿದ: ಇವರು ಹಡಗಲ್ಲೇ ಉಳಿಯದಿದ್ದರೆ ನೀವು ಬದುಕಲ್ಲ ಎಂದ. ಸೈನಿಕರು ದೋಣಿಯ ಹಗ್ಗ ಕತ್ತರಿಸಿದರು. ಹಡಗು ಒಡೆಯಿತು, ಜನರೆಲ್ಲ ದಡ ಸೇರಿದರು. ದೇವರ ವಾಗ್ದಾನ ಪೌಲನ ಎಚ್ಚರವನ್ನು ಕಿತ್ತುಕೊಳ್ಳಲಿಲ್ಲ. ಎಚ್ಚರವೂ ಆ ವಾಗ್ದಾನ ನೆರವೇರಿದ ದಾರಿಯೇ ಆಗಿತ್ತು.

1944ರ ಆ ರಾತ್ರಿಯೂ ಒಬ್ಬ ಎಚ್ಚರದಿಂದಿದ್ದ. ಉಳಿದ ಹಡಗುಗಳು ದಡದ ಕಡೆ ಹೋಗಬೇಕು ಅನ್ನೋ ಆಜ್ಞೆ ಇದ್ದರೂ, ಎಲ್‌ಎಸ್‌ಟಿ 515ರ ಕ್ಯಾಪ್ಟನ್ ಜಾನ್ ಡಾಯ್ಲ್ ಹಡಗು ಹಿಂದಕ್ಕೆ ತಿರುಗಿಸಿ, ನೂರಕ್ಕೂ ಹೆಚ್ಚು ಜನರನ್ನು ನೀರಿಂದ ಎತ್ತಿದರು.

ಪ್ರಿಯರೇ, ದೀಕ್ಷಾಸ್ನಾನಕ್ಕೆ ಕಣ್ವ ಕಡೆ ಹೋಗ್ತೀರಾ? ನೀರಿನ ಆಳ ಯಾರು ನೋಡಿದ್ದಾರೆ, ಈಜು ಬರೋರು ಯಾರು ನಿಂತಿದ್ದಾರೆ ಅಂತ ಕೇಳಿ. ಅದು ಅಪನಂಬಿಕೆ ಅಲ್ಲ. ಬೆಂಗಳೂರಿಗೆ ಬೈಕ್ ಹತ್ತೋ ಗೆಳೆಯ ತಲೆ ಮೇಲೆ ಹೆಲ್ಮೆಟ್ ಇಟ್ಟಿರ್ತಾನೆ, ಸ್ಟ್ರಾಪ್ ಹಾಕಿರಲ್ಲ. ಅವನಿಗಾಗಿ ಪ್ರಾರ್ಥನೆ ಮಾಡಿ. ಹಾಗೇ ಆ ಸ್ಟ್ರಾಪನ್ನೂ ಹಾಕಿ ಕಳಿಸಿ.