ಫ್ಲಾರೆನ್ಸಿನಲ್ಲಿ ಮೊದಲು ಗೋಡೆಗಳು

ಇಟಲಿ ಪ್ರವಾಸದಲ್ಲಿ ಫ್ಲಾರೆನ್ಸ್ ನಗರದ ಪಾಲಿಗೆ ಬರುವುದು ಹೆಚ್ಚೆಂದರೆ ಎರಡು ದಿನ. ರೋಮಿನಿಂದ ವೇಗದ ರೈಲು ಹತ್ತಿದರೆ ಒಂದೂವರೆ ಗಂಟೆಯ ದಾರಿ, ಮುಂದೆ ವೆನಿಸ್ ಕಾಯುತ್ತಿರುತ್ತದೆ. ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದೇ ಪಟ್ಟಿ: ಡೇವಿಡ್ ಶಿಲ್ಪ, ಉಫೀಜಿ ಗ್ಯಾಲರಿ, ದೊಡ್ಡ ಚರ್ಚಿನ ಗುಮ್ಮಟ, ಪೊಂಟೆ ವೆಕಿಯೊ ಸೇತುವೆ. ಎಲ್ಲವೂ ನೋಡತಕ್ಕವೇ. ಆದರೆ ಯಾವುದು ಮೊದಲು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಗೋಡೆಯ ಮೇಲೆಯೇ ಬರೆದ ಚಿತ್ರಗಳನ್ನು ಮೊದಲು ನೋಡಿ.

ಚೌಕಟ್ಟಿನೊಳಗಿನ ಚಿತ್ರ ಊರೂರು ತಿರುಗಬಲ್ಲದು. ಮೈಕೆಲೆಂಜೆಲೊನ ಡೇವಿಡ್ ಕೂಡ 1873ರಲ್ಲಿ ಬಯಲು ಚೌಕವನ್ನು ಬಿಟ್ಟು ಅಕಾಡೆಮಿಯಾ ಮ್ಯೂಸಿಯಂ ಸೇರಿದ. ಹಸಿ ಗಾರೆಯ ಭಿತ್ತಿಚಿತ್ರದ ಹುಟ್ಟೇ ಬೇರೆ. ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ ಬೆಳಗ್ಗೆ ಸುಣ್ಣದ ಗಾರೆ ಮೆತ್ತುತ್ತಾರೆ. ಅದು ಆರುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾಳಿ ತಾಗಿ ಸುಣ್ಣ ಗಟ್ಟಿಯಾಗುತ್ತ ಬಣ್ಣವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಹತ್ತಿರ ಹೋಗಿ ಓರೆಗಣ್ಣಿನಿಂದ ನೋಡಿದರೆ ನಿನ್ನೆಯ ಗಾರೆಗೆ ಇಂದಿನ ಗಾರೆ ಬಂದು ಸೇರಿದ ಸಣ್ಣ ಏಣು ಕೆಲವು ಕಡೆ ಕಾಣುತ್ತದೆ. ಒಂದು ಮುಖಕ್ಕೆ ಒಂದು ಇಡೀ ದಿನ ಹಿಡಿದಿರಬಹುದು, ಪಕ್ಕದ ಆಕಾಶದ ಅಷ್ಟಗಲ ಜಾಗವೂ ಒಂದೇ ದಿನದಲ್ಲಿ ಮುಗಿದಿರಬಹುದು. ಆ ಏಣುಗಳು ಯಾವ ಅಚ್ಚಿನ ಪುಸ್ತಕದಲ್ಲೂ ಸಿಗುವುದಿಲ್ಲ.

ಮೊದಲ ದಿನ ಬೆಳಗ್ಗೆಯೇ ಸಾನ್ ಮಾರ್ಕೊ ಮಠಕ್ಕೆ ಹೋಗಬೇಕು. ಕೊಸಿಮೊ ಡಿ ಮೆಡಿಚಿ ಹಣ ಕೊಟ್ಟು ಹೊಸದಾಗಿ ಕಟ್ಟಿಸಿದ ಮಠವಿದು. ಅಲ್ಲಿಯ ಸನ್ಯಾಸಿ ಫ್ರಾ ಆಂಜೆಲಿಕೊ 1438ರ ಸುಮಾರಿನಿಂದ ಕೆಲವು ವರ್ಷ ಸಹಾಯಕರನ್ನು ಕಟ್ಟಿಕೊಂಡು ಮಹಡಿಯ ಕೋಣೆಕೋಣೆಗೂ ಒಂದೊಂದು ಚಿತ್ರ ಬರೆದ. ಕೋಣೆಗಳು ನಲವತ್ತಕ್ಕೂ ಹೆಚ್ಚಿವೆ. ಒಬ್ಬ ಮಲಗಿ ಏಳುವಷ್ಟು ಜಾಗ, ಒಂದು ಸಣ್ಣ ಕಿಟಕಿ, ಪಕ್ಕದ ಗೋಡೆಯಲ್ಲಿ ಒಂದು ಚಿತ್ರ. ಮೂರನೆಯ ಕೋಣೆಯಲ್ಲಿ ದೇವದೂತ ಮೇರಿಗೆ ಸುದ್ದಿ ತಂದ ದೃಶ್ಯವಿದೆ. ಬರಿದಾದ ಬಿಳಿ ಕಮಾನು, ನಿಂತ ದೂತ, ಮಂಡಿಯೂರಿದ ಮೇರಿ, ಹಿಂದೆ ಬದಿಯಲ್ಲಿ ಕೈಮುಗಿದ ಒಬ್ಬ ಸಂತ. ಚಿನ್ನದ ಆಡಂಬರವಿಲ್ಲ, ಹೂದೋಟವಿಲ್ಲ. ಮುಂಜಾವದ ಪ್ರಾರ್ಥನೆಗೆ ಏಳುತ್ತಿದ್ದ ಒಬ್ಬನೇ ಒಬ್ಬ ಸನ್ಯಾಸಿಯ ಕಣ್ಣಿಗೆಂದು ಬರೆದದ್ದು ಅದು. ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿದರೆ ಸಾಕು, ಜಾತ್ರೆಯಂಥ ಗ್ಯಾಲರಿಗಳಲ್ಲಿ ನಾವು ಏನನ್ನು ಕಳೆದುಕೊಳ್ಳುತ್ತೇವೆ ಎಂಬುದು ಮನಸ್ಸಿಗೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೇ ಬಾಗಿಲು ಹಾಕುವ ರೂಢಿ ಇಲ್ಲಿಯದು, ವೇಳೆಯನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಎಳೆ ಇದೆ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿ ವೆನಿಸ್ ಸೀಮೆಯ ವ್ಯಾಪಾರಿ. ಊರಿಗೆ ಮರಳುವ ದಾರಿಯಲ್ಲಿ ಹೆಂಡತಿ ಮಕ್ಕಳ ಪ್ರಾಣಕ್ಕೆ ಹೆದರಿ ಧರ್ಮ ಬಿಟ್ಟುಕೊಟ್ಟಿದ್ದ. ಅದಕ್ಕೆ ಕ್ಷಮೆ ಬೇಡಲು ಅವನು ಬಂದದ್ದು ಆಗ ಫ್ಲಾರೆನ್ಸಿನಲ್ಲಿದ್ದ ಪೋಪ್ ನಾಲ್ಕನೆಯ ಯೂಜೀನನ ಬಳಿಗೆ. ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ ಅವನನ್ನು ಕೂರಿಸಿಕೊಂಡು ಕಂಡದ್ದನ್ನೆಲ್ಲ ಕೇಳಿ ಲ್ಯಾಟಿನ್‌ನಲ್ಲಿ ಬರೆದಿಟ್ಟ. ಬೆಟ್ಟಗಳಿಗೆ ಹತ್ತಿ ತಪ್ಪಲಿನ ಕಣಿವೆಗಳನ್ನು ಬಳಸಿ ನಿಂತ ಕೋಟೆಗೋಡೆ, ಅರವತ್ತು ಮೈಲಿ ಸುತ್ತಳತೆಯ ನಗರ ಎಂಬ ವರ್ಣನೆ ಯುರೋಪಿಗೆ ಸಿಕ್ಕಿದ್ದು ಹೀಗೆ. ಪೋಪ್ ಬಿಡಾರ ಮಾಡಿದ್ದು ಇಂದಿನ ರೈಲು ನಿಲ್ದಾಣದ ಎದುರಿಗಿರುವ ಸಾಂತಾ ಮರಿಯಾ ನೊವೆಲ್ಲಾ ಮಠದಲ್ಲಿ. ಅದೇ ಪೋಪ್ 1443ರಲ್ಲಿ ಸಾನ್ ಮಾರ್ಕೊ ಚರ್ಚಿನ ಪ್ರತಿಷ್ಠೆಗೆ ಬಂದು, ಕೊಸಿಮೊ ತನಗೆಂದು ಇಟ್ಟುಕೊಂಡಿದ್ದ ಕೋಣೆಯಲ್ಲಿ ಒಂದು ರಾತ್ರಿ ತಂಗಿದ್ದ. ಆ ಕೋಣೆಗೆ ಇಂದೂ ಹೋಗಬಹುದು. ಹಂಪಿಯ ಕೋಟೆಗೋಡೆ ಹತ್ತಿ ಇಳಿದವರು ಅಲ್ಲಿ ನಿಂತಾಗ ಈ ಕಥೆ ನೆನಪಿನಲ್ಲಿರಬೇಕು ಎಂಬುದು ನನ್ನ ಆಸೆ.

ಎರಡನೆಯ ದಿನ ಆರ್ನೊ ನದಿ ದಾಟಿ ಕಾರ್ಮಿನೆ ಚರ್ಚಿನ ಬ್ರಂಕಾಚಿ ಗುಡಿ ನೋಡಬೇಕು. ಸ್ವರ್ಗದಿಂದ ಹೊರದಬ್ಬಿಸಿಕೊಂಡ ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ, ಈವ್ ಬಾಯಿ ತೆರೆದು ಅಳುತ್ತಿದ್ದಾಳೆ. ಇದನ್ನು ಬರೆದ ಮಸಾಚೊ ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಇಲ್ಲಿ ಗೊತ್ತಾದ ವೇಳೆಗೆ ಕೆಲವರನ್ನಷ್ಟೇ ಒಳಗೆ ಬಿಡುತ್ತಾರೆ, ಮುಂಗಡ ಟಿಕೆಟ್ ಬೇಕು. ಗುಮ್ಮಟ ಹತ್ತುವುದಾದರೂ ಹಾಗೆಯೇ. 463 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿನೋವಿನವರು ಕೆಳಗಿನಿಂದ ನೋಡಿದರೂ ಅದನ್ನು ಕಟ್ಟಿದ ಬ್ರುನೆಲೆಸ್ಕಿಯ ಕೆಲಸ ದೊಡ್ಡದಾಗಿಯೇ ಕಾಣುತ್ತದೆ. ಸೋಮವಾರ ಉಫೀಜಿ, ಅಕಾಡೆಮಿಯಾ ಎರಡಕ್ಕೂ ರಜೆ. ಆ ದಿನ ಇಳಿಯುವಂತೆ ರೈಲು ಹಿಡಿಯಬೇಡಿ.

ಉಫೀಜಿಯ ಚಿತ್ರಗಳು ಇನ್ನೂ ಊರಲ್ಲೇ ಇರುವುದಕ್ಕೆ ಒಬ್ಬ ಹೆಂಗಸು ಕಾರಣ. ಮೆಡಿಚಿ ಮನೆತನದ ಕೊನೆಯ ಕುಡಿ ಆನ್ನಾ ಮರಿಯಾ ಲೂಯಿಸಾ 1737ರಲ್ಲಿ ಹೊಸ ದೊರೆಗೆ ಮನೆತನದ ಸಂಗ್ರಹವನ್ನೆಲ್ಲ ಬಿಟ್ಟುಕೊಡುವಾಗ, ಒಂದೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದು ಎಂಬ ಷರತ್ತು ಹಾಕಿದಳು. ಅವು ರಾಜ್ಯಕ್ಕೆ ಶೋಭೆ, ಜನರಿಗೆ ಉಪಯೋಗ, ಹೊರದೇಶದವರಿಗೆ ಕುತೂಹಲ ಎಂದು ಒಪ್ಪಂದದಲ್ಲೇ ಕಾರಣವನ್ನೂ ಬರೆಸಿದಳು. ಟಿಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುವ ನಮ್ಮ ನಿಮ್ಮಂಥವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಪತ್ರವದು. ಉಫೀಜಿಯಲ್ಲಿರುವ ಬೊತ್ತಿಚೆಲ್ಲಿಯ ಚಿತ್ರಗಳನ್ನು ಎರಡನೆಯ ದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಟಿಕೆಟ್ ಮಾತ್ರ ವೀಸಾ ಕೈಗೆ ಬಂದ ದಿನವೇ ತೆಗೆದಿಡಿ.